ಫಾರಂ ತಪ್ಪಾಗಿ ತುಂಬಿದವರ ತಪ್ಪಲ್ಲ

ಸೊಸೈಟಿಯ ಕೌಂಟರಿನ ಮುಂದೆ ಒಬ್ಬ ಅಜ್ಜ ನಿಂತಿದ್ದರು. ಕೈಯಲ್ಲಿ ನಾನೇ ಅಚ್ಚಿಗೆ ಪುಟ ಜೋಡಿಸಿಕೊಟ್ಟಿದ್ದ ಸಾಲದ ಅರ್ಜಿ. ತಮ್ಮ ಹೆಸರಿನ ಗೆರೆಯ ಮೇಲೆ ತಂದೆಯ ಹೆಸರು ಬರೆದಿದ್ದರು. ತಂದೆಯ ಹೆಸರಿನ ಗೆರೆಯ ಮೇಲೆ ಊರು. ಸ್ವಂತ ಹೆಸರನ್ನು ಮೇಲೆ ತಲೆಬರಹದ ಪಕ್ಕ ಹೇಗೋ ತುರುಕಿದ್ದರು. “ಓದೋಕೆ ಬರಲ್ವಾ ಯಜಮಾನ್ರೇ?” ಎಂದು ಗುಮಾಸ್ತರು ಗದರಿದರು. ಅಜ್ಜ “ತಪ್ಪಾಯ್ತು ಸ್ವಾಮಿ” ಎಂದು ಇನ್ನೊಂದು ಫಾರಂ ಕೇಳಿದರು.

ನಾನು ಬಿಲ್ ವಸೂಲಿಗೆ ಹೋಗಿದ್ದವನು ಆ ಫಾರಂ ಈಸಿಕೊಂಡು ನೋಡಿದೆ. ‘ಹೆಸರು’, ಅದರ ಕೆಳಗೆ ಗೆರೆ. ‘ತಂದೆಯ ಹೆಸರು’, ಅದರ ಕೆಳಗೆ ಗೆರೆ. ಪುಟವಿಡೀ ಹೀಗೇ. ಪದದಿಂದ ಗೆರೆಗೆ ಎಷ್ಟು ಜಾಗವೋ, ಗೆರೆಯಿಂದ ಮುಂದಿನ ಪದಕ್ಕೂ ಅಷ್ಟೇ ಜಾಗ. ನೋಡಲು ಚೆನ್ನಾಗಿರುತ್ತದೆ ಎಂದು ನಾನೇ ಹಾಗೆ ಇಟ್ಟಿದ್ದೆ. ‘ತಂದೆಯ ಹೆಸರು’ ಮೇಲಿನ ಗೆರೆಗೆ ಸೇರಿದ್ದೋ ಕೆಳಗಿನ ಗೆರೆಗೋ ಎಂಬುದು ಪುಟ ನೋಡಿದರೆ ತಿಳಿಯುವಂತೆಯೇ ಇರಲಿಲ್ಲ. ಅಜ್ಜನಿಗೆ ಓದಲು ಚೆನ್ನಾಗಿ ಬರುತ್ತಿತ್ತು. ತಪ್ಪು ನನ್ನದು.

ಕಣ್ಣಿಗೆ ಬಿದ್ದದ್ದನ್ನು ಮನಸ್ಸು ಬಿಡಿಬಿಡಿಯಾಗಿ ಇಟ್ಟುಕೊಳ್ಳುವುದಿಲ್ಲ. ಓದುವ ಮೊದಲೇ ಗುಂಪು ಮಾಡಿಬಿಡುತ್ತದೆ. ಇದನ್ನು ಹಿಡಿದು ಕೂತು ಅಭ್ಯಾಸ ಮಾಡಿದವರು ಪ್ರಾಗ್‌ನಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್. 1923ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಲೇಖನವನ್ನು ಅವರು ಒಂದು ಕಿಟಕಿಯಿಂದ ಶುರು ಮಾಡುತ್ತಾರೆ. ಹೊರಗೆ ಮನೆ, ಮರ, ಆಕಾಶ. ಲೆಕ್ಕಕ್ಕೆ ಅಲ್ಲಿ ಬೆಳಕಿನ 327 ಛಾಯೆಗಳಿವೆ ಅನ್ನಬಹುದು. ಆದರೆ 327 ಯಾರಿಗಾದರೂ ಕಾಣುತ್ತದೆಯೇ? ಕಾಣುವುದು ಮನೆ, ಮರ, ಆಕಾಶವೇ. ಆಮೇಲೆ ಅವರು ಪುಟದ ತುಂಬ ಚುಕ್ಕಿ ಮತ್ತು ಗೆರೆಗಳನ್ನು ಇಟ್ಟು, ಯಾವಾಗ ಯಾವುದು ಯಾವುದರ ಜೊತೆ ಸೇರಿ ಕಾಣುತ್ತದೆ ಎಂದು ತೋರಿಸುತ್ತಾ ಹೋಗುತ್ತಾರೆ.

ಚುಕ್ಕಿ ಅಂದರೆ ನಮಗೆ ರಂಗೋಲಿ ತಾನೇ? ಎಲ್ಲ ಕಡೆ ಒಂದೇ ಅಂತರದಲ್ಲಿ ನೇರ ಚುಕ್ಕಿ ಇಡಿ. ಕಣ್ಣು ಒಮ್ಮೆ ಅಡ್ಡ ಸಾಲು ಹಿಡಿಯುತ್ತದೆ, ಒಮ್ಮೆ ಉದ್ದ ಸಾಲು. ಅಡ್ಡ ಸಾಲುಗಳ ನಡುವೆ ಒಂದು ಬೆರಳಷ್ಟು ಜಾಗ ಜಾಸ್ತಿ ಮಾಡಿ. ಈಗ ಬೇಡವೆಂದರೂ ಅಡ್ಡ ಸಾಲೇ ಕಾಣುತ್ತದೆ. ಹತ್ತಿರ ಇದ್ದದ್ದು ಒಂದು ಗುಂಪು. ಒಂದೇ ಬಣ್ಣದ್ದೂ ಒಂದು ಗುಂಪು. ಎಳೆ ರಂಗೋಲಿಯಲ್ಲಿ ಒಂದು ಎಳೆ ಇನ್ನೊಂದನ್ನು ದಾಟುವ ಕಡೆ ಬೆರಳಿಟ್ಟು ನೋಡಿ. ಎಳೆ ಅಲ್ಲಿ ಗಕ್ಕನೆ ತಿರುಗಿತು ಅಂತ ಯಾರಿಗೂ ಅನ್ನಿಸುವುದಿಲ್ಲ. ನೇರವಾಗಿ ದಾಟಿ ಹೋಯಿತು ಅಂತಲೇ ಅನ್ನಿಸುತ್ತದೆ.

ಕನ್ನಡ ಪುಟ ಮಾಡುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ನಮ್ಮ ಅಕ್ಷರ ಮೇಲೂ ಬೆಳೆಯುತ್ತದೆ, ಕೆಳಗೂ ಬೆಳೆಯುತ್ತದೆ. ‘ರಾಷ್ಟ್ರ’ ಎಂದು ಬರೆದರೆ ಎರಡು ಒತ್ತು ಕೆಳಗಿಳಿಯುತ್ತವೆ. ಕೆಳಗಿನ ಸಾಲಿನಲ್ಲಿ ಅದೇ ಜಾಗಕ್ಕೆ ‘ಕಿ’ ಬಂದರೆ ಅದರ ಗುಡಿಸು ಮೇಲೇಳುತ್ತದೆ. ಎರಡೂ ತಾಗುವಷ್ಟು ಹತ್ತಿರವಾದರೆ ಒತ್ತು ತನ್ನ ಅಕ್ಷರವನ್ನು ಬಿಟ್ಟು ಕೆಳಗಿನ ಸಾಲಿಗೆ ಸೇರಿದಂತೆ ಕಾಣುತ್ತದೆ. ಪುಟ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ 12 ಪಾಯಿಂಟ್ (ಪಾಯಿಂಟ್ ಅಂದರೆ ಅಚ್ಚಿನವರ ಅಳತೆ) ಅಕ್ಷರಕ್ಕೆ ತಾನಾಗಿಯೇ ಸಿಗುವ ಸಾಲಿನ ಅಂತರ 14.4 ಪಾಯಿಂಟ್. ಇಂಗ್ಲಿಷಿಗೆ ಅದು ಸಾಕು, ಕನ್ನಡಕ್ಕೆ ಸಾಲದು. ನಾನು 18ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಕ್ಕಳ ಅಭ್ಯಾಸ ಪುಸ್ತಕಕ್ಕೆ ಇನ್ನೂ ಜಾಸ್ತಿ ಕೊಡುತ್ತೇನೆ. ಪುಟ ಹೆಚ್ಚಾಗುತ್ತದೆ ಎಂದು ಪ್ರೆಸ್ಸಿನವರು ಗೊಣಗುತ್ತಾರೆ. ಗೊಣಗಲಿ. ಅಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಯಾವ ಒತ್ತು ಯಾರದ್ದು ಎಂದು ಹುಡುಕುವ ಕೆಲಸ ಬೇರೆ ಹಚ್ಚಬಾರದು.

ಪದಗಳ ನಡುವಿನ ಜಾಗದ್ದೂ ಇದೇ ಕಥೆ. ಅದು ಸಾಲುಗಳ ನಡುವಿನ ಜಾಗಕ್ಕಿಂತ ಕಡಿಮೆ ಇದ್ದರೆ ಕಣ್ಣು ಅಡ್ಡಡ್ಡ ಓಡುತ್ತದೆ. ಕಿರಿದಾದ ಕಾಲಂನಲ್ಲಿ ಎರಡೂ ಅಂಚನ್ನು ಸಮ ಮಾಡಿದಾಗ ಕನ್ನಡದ ಉದ್ದ ಪದಗಳು ಕೂರುವುದಿಲ್ಲ. ಎರಡೇ ಪದಕ್ಕೆ ಒಂದು ಸಾಲು, ನಡುವೆ ದೊಡ್ಡ ಕಂದಕ. ಕಂದಕದ ಕೆಳಗೆ ಇನ್ನೊಂದು ಕಂದಕ ಬಂದರೆ ಪುಟದಲ್ಲಿ ಬಿಳಿ ಕಾಲುವೆ ಹರಿದಂತೆ ಕಾಣುತ್ತದೆ. ಅಂಥ ಕಡೆ ಬಲ ಅಂಚನ್ನು ಸುಮ್ನೆ ಹಾಗೇ ಬಿಡುವುದು ಒಳ್ಳೆಯದು.

ಹತ್ತಿರ ಇರುವುದನ್ನೂ ಮೀರಿಸುವ ಒಂದು ಉಪಾಯವಿದೆ, ಚೌಕ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀಫನ್ ಪಾಮರ್ 1992ರಲ್ಲಿ ಇದನ್ನು ತೋರಿಸಿದರು. ದೂರದ ಎರಡು ಚುಕ್ಕಿಗಳ ಸುತ್ತ ಒಂದು ಗೆರೆ ಎಳೆದರೆ ಸಾಕು, ಅವು ಒಂದು ಜೋಡಿಯಾಗುತ್ತವೆ. ಆದರೆ ಚೌಕವನ್ನು ಉಪ್ಪಿನ ಹಾಗೆ ಬಳಸಬೇಕು. ಎಲ್ಲಕ್ಕೂ ಚೌಕ ಹಾಕಿದ ಫಾರಂನಲ್ಲಿ ಯಾವುದೂ ಗುಂಪಾಗಿ ಉಳಿಯುವುದಿಲ್ಲ, ಪುಟವೇ ಒಂದು ಜಾಲರಿಯಾಗುತ್ತದೆ.

ಸೊಸೈಟಿಯ ಅರ್ಜಿಯನ್ನು ಮತ್ತೆ ಮಾಡಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಪದವನ್ನು ಅದರದೇ ಗೆರೆಯ ಹತ್ತಿರ ತಂದೆ. ಗೆರೆಗೂ ಮುಂದಿನ ಪದಕ್ಕೂ ನಡುವಿನ ಜಾಗವನ್ನು, ಪದಕ್ಕೂ ಅದರದೇ ಗೆರೆಗೂ ಇರುವ ಜಾಗದ ಮೂರರಷ್ಟು ಮಾಡಿದೆ. ಜಾಮೀನುದಾರರ ವಿವರಕ್ಕೆ ಮಾತ್ರ ಒಂದು ಚೌಕ. ಬೇರೇನೂ ಬದಲಾಯಿಸಲಿಲ್ಲ, ಅಕ್ಷರವೂ ಅದೇ, ಪದಗಳೂ ಅವೇ.

ಈಗ ಯಾವ ಫಾರಂ ಆಗಲಿ, ಅಚ್ಚಿಗೆ ಕಳಿಸುವ ಮುಂಚೆ ಪ್ರೂಫನ್ನು ತಲೆಕೆಳಗು ಹಿಡಿದು ನೋಡುತ್ತೇನೆ. ತಲೆಕೆಳಗಾದಾಗ ಪದ ಓದಲು ಬರುವುದಿಲ್ಲ, ಬರೀ ಗುಂಪು ಕಾಣುತ್ತದೆ. ಯಾವ ಗೆರೆ ಯಾವುದಕ್ಕೆ ಸೇರಿದ್ದು ಎಂದು ಆಗಲೂ ತಿಳಿದರೆ ಮಾತ್ರ ಅಚ್ಚಿನ ಪ್ಲೇಟ್ ಮಾಡಲು ಹೇಳುತ್ತೇನೆ.