ಉಣ್ಣೆ ಇರುವುದು ಗೋಡೆಯಲ್ಲಿ

“ಡಾಕ್ಟ್ರೇ, ತಪ್ಪದೆ ಔಷಧ ಹಾಕ್ತಾ ಇದ್ದೀವಿ, ಆದ್ರೂ ನಾಯಿ ಮೈಮೇಲಿನ ಉಣ್ಣೆ ಹೋಗ್ತಾನೇ ಇಲ್ಲ.” ಬೇಸಿಗೆ ಶುರುವಾದರೆ ಈ ಮಾತು ಕೇಳದ ದಿನವಿಲ್ಲ. ನಾಯಿ ಮಲಗೋದೆಲ್ಲಿ ಎಂದು ಕೇಳುತ್ತೇನೆ. ಮೆಟ್ಟಿಲ ಕೆಳಗೆ, ಗೋಣಿಚೀಲದ ಮೇಲೆ ಎನ್ನುತ್ತಾರೆ. ರಾತ್ರಿ ಟಾರ್ಚ್ ಹಿಡಿದು ಆ ಗೋಡೆ ನೋಡಿ ಎಂದು ಕಳಿಸುತ್ತೇನೆ. ಬೆಳಿಗ್ಗೆ ಫೋಟೊ ಬರುತ್ತದೆ: ಗಾರೆಯ ಬಿರುಕಿನುದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಮರಿ ಉಣ್ಣೆಗಳು.

ನಮ್ಮಲ್ಲಿ ನಾಯಿಗೆ ಹೆಚ್ಚಾಗಿ ಹತ್ತುವುದು ಕಂದು ಉಣ್ಣೆ. ಮೊಟ್ಟೆಯಿಂದ ಹೊರಬಂದಾಗ ಅದಕ್ಕೆ ಆರೇ ಕಾಲು. ರಕ್ತ ಕುಡಿದು ಕೆಳಗೆ ಬೀಳುತ್ತದೆ, ಪೊರೆ ಕಳಚಿ ಎಂಟು ಕಾಲಾಗಿ ಮತ್ತೆ ಹತ್ತುತ್ತದೆ, ಮತ್ತೆ ಬೀಳುತ್ತದೆ, ಬಲಿತ ಮೇಲೆ ಮೂರನೇ ಸಲ ಹತ್ತುತ್ತದೆ. ಹರಳು ಬೀಜದಂತೆ ಊದಿಕೊಂಡ ಹೆಣ್ಣು ಕೊನೆಗೆ ಯಾವುದೋ ಸಂದಿಯಲ್ಲಿ 4,000ದವರೆಗೂ ಮೊಟ್ಟೆಯಿಟ್ಟು ಸಾಯುತ್ತದೆ. ಸೆಕೆಯಿದ್ದರೆ ಈ ಸುತ್ತು ಮುಗಿಯಲು ಎರಡು ಮೂರು ತಿಂಗಳು ಸಾಕು. ನಾಯಿ ಸಿಗದಿದ್ದರೂ ಬಲಿತ ಉಣ್ಣೆ ತಿಂಗಳುಗಟ್ಟಲೆ ಉಪವಾಸವಿದ್ದು ಕಾಯಬಲ್ಲದು. ಒಂದು ಸಲ ಔಷಧ ಹಾಕಿ ಸುಮ್ಮನಾದರೆ ಆಗದಿರುವುದು ಇದಕ್ಕೇ.

ಹಾಗಾಗಿ ಗೋಣಿಚೀಲ ಎಸೆಯಿರಿ. ಹಾಸಿಗೆಯನ್ನು ಕುದಿನೀರಲ್ಲಿ ಒಗೆದು ಕಡುಬಿಸಿಲಲ್ಲಿ ಒಣಗಿಸಿ. ಬಿರುಕಿಗೆ ಸಿಮೆಂಟು ತುಂಬಿಸಿ. ಗೋಡೆಗೆ ಔಷಧ ಸಿಂಪಡಿಸಿದರೆ ಪೂರ್ತಿ ಒಣಗುವತನಕ ನಾಯಿಯನ್ನು ಅತ್ತ ಬಿಡಬೇಡಿ. ನಾಯಿಗೆ ಹಾಕುವ ಹನಿ ಔಷಧವೋ ಮಾತ್ರೆಯೋ ತೂಕಕ್ಕೆ ತಕ್ಕದ್ದಿರಬೇಕು, ತಿಂಗಳುಗಟ್ಟಲೆ ಬಿಡದೆ ನಡೆಯಬೇಕು. ಹನಿ ಹಾಕುವ ಮುಂಚೆ ಮತ್ತು ನಂತರ ಎರಡು ದಿನ ಸ್ನಾನ ಬೇಡ. ಹಿಂದೆ ಫಿಟ್ಸ್ ಬಂದಿದ್ದರೆ ಮರೆಯದೆ ಹೇಳಿ. ಕೆಲವು ಮಾತ್ರೆ ಅಂಥ ನಾಯಿಗೆ ಆಗದು.

ಚಿಗಟದ ಕಥೆಯೂ ಹೆಚ್ಚುಕಡಿಮೆ ಇದೇ. ಅದರ ಮೊಟ್ಟೆ ಮರಿಗಳೆಲ್ಲ ಚಾಪೆ, ಸೋಫಾದ ಸಂದಿಯಲ್ಲಿರುತ್ತವೆ.

ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನಾ ಕೈಯಾಡಿಸಿ. ಉಣ್ಣೆ ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು ಖಂಡಿತ ಬೇಡ. ನಾಯಿ ಅದನ್ನು ನೆಕ್ಕುತ್ತದೆ, ಎರಡೂ ವಿಷ. ಊಟ ಬಿಟ್ಟು ಜ್ವರ ಬಂದರೆ, ಒಸಡು ಬಿಳುಚಿದರೆ, ಮೂಗಲ್ಲಿ ರಕ್ತ ಬಂದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ನಾಳೆ ನೋಡೋಣ ಎನ್ನಬೇಡಿ. ಉಣ್ಣೆಯಿಂದ ಬರುವ ಎರ್ಲಿಕಿಯಾ, ಬಬೀಸಿಯಾ ಸೋಂಕುಗಳನ್ನು ಬೇಗ ಹಿಡಿದರೆ ಹೆಚ್ಚಿನ ನಾಯಿಗಳು ಉಳಿಯುತ್ತವೆ.

ಇನ್ನು ಬೆಕ್ಕು. ಇಲ್ಲಿ ಕೈಮುಗಿದು ಕೇಳುತ್ತೇನೆ. ನಾಯಿಗೆ ತಂದ ಔಷಧದಲ್ಲಿ ಸ್ವಲ್ಪ ಉಳಿಯಿತು ಎಂದು ಬೆಕ್ಕಿನ ಬೆನ್ನಿಗೆ ಹಾಕಬೇಡಿ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಔಷಧವನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಕೆಲವೇ ಹನಿ ಪ್ರಾಣ ತೆಗೆಯುತ್ತದೆ. ದನದ ಉಣ್ಣೆಗೆ ಬಳಸುವ ಡೆಲ್ಟಾಮೆಥ್ರಿನ್ ಕೂಡ ಅದೇ ಜಾತಿಯದು. ಮೊಲ ಸಾಕಿದವರು ಇನ್ನೊಂದು ಕೀಟನಾಶಕವಾದ ಫಿಪ್ರೊನಿಲ್‌ನಿಂದ ದೂರವಿರಿ. ಔಷಧ ತಗುಲಿದ ಬೆಕ್ಕು ನಡುಗತೊಡಗಿದರೆ ಟವೆಲ್‌ನಲ್ಲಿ ಸುತ್ತಿ ತಕ್ಷಣ ಹೊರಡಿ, ಆ ಔಷಧದ ಪೊಟ್ಟಣವೂ ಜೊತೆಗಿರಲಿ.