ಆಸ್ಟೆರಿಸಮ್ ಅಂದ್ರೇನು? ಸಪ್ತರ್ಷಿಗಳು ನಿಜವಾಗ್ಲೂ ಅಕ್ಕಪಕ್ಕ ಇದಾರಾ?

"ಆಸ್ಟೆರಿಸಮ್ ಅಂದ್ರೂ ಕಾನ್‌ಸ್ಟಲೇಶನ್ ಅಂದ್ರೂ ಒಂದೇ ಅಲ್ವಾ ಸರ್?" ಮತ್ತೆ ಅದೇ ಪ್ರಶ್ನೆ. ಈ ಸಲ ಪೂರ್ತಿ ಬಿಡಿಸಿ ಹೇಳ್ತೀನಿ, ಸೇವ್ ಮಾಡಿ ಇಟ್ಕೊಳ್ಳಿ.

ಒಂದೇ ಅಲ್ಲ. ಗ್ರೀಕ್‌ನಲ್ಲಿ ಆಸ್ಟೆರ್ ಅಂದ್ರೆ ನಕ್ಷತ್ರ, ಅದರಿಂದ ಹುಟ್ಟಿದ ಈ ಪದ 1590ರ ದಶಕದಲ್ಲಿ ಇಂಗ್ಲಿಷ್‌ಗೆ ಬಂತು, ಆಗ ಯಾವ ನಕ್ಷತ್ರಗಳ ಗುಂಪಿಗೆ ಬೇಕಾದ್ರೂ ಹೇಳ್ತಿದ್ರು. ಆಮೇಲೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ 88 ಪುಂಜಗಳ (ಅಂದ್ರೆ ಕಾನ್‌ಸ್ಟಲೇಶನ್‌ಗಳ) ಪಟ್ಟಿ ಒಪ್ಕೊಳ್ತು, 1930ರಲ್ಲಿ ಅವುಗಳ ಗಡಿಗಳೂ ಪ್ರಕಟ ಆದ್ವು. ಅಲ್ಲಿಂದ ಕಾನ್‌ಸ್ಟಲೇಶನ್ ಅಂದ್ರೆ ಗಡಿ ಹಾಕಿದ ಆಕಾಶದ ಭಾಗ, ಆಸ್ಟೆರಿಸಮ್ ಅಂದ್ರೆ ನಮ್ಮ ಕಣ್ಣಿಗೆ ಕಾಣೋ ಆಕಾರ. ಸಪ್ತರ್ಷಿಗಳ ಏಳು ನಕ್ಷತ್ರ ಆಸ್ಟೆರಿಸಮ್, ಅದು ಇರೋದು ಅರ್ಸಾ ಮೇಜರ್ ಅನ್ನೋ ದೊಡ್ಡ ಪುಂಜದೊಳಗೆ.

ಈಗ ನನಗೆ ಸಾಕುಸಾಕಾಗಿರೋ ತಪ್ಪು ನಂಬಿಕೆಗೆ ಬರ್ತೀನಿ: ಒಟ್ಟಿಗೆ ಕಾಣ್ತಾವೆ ಅಂದ್ರೆ ಒಟ್ಟಿಗೇ ಇದಾವೆ ಅನ್ನೋದು. ಇಲ್ಲಾರೀ! ಬೇಸಿಗೆ ತ್ರಿಕೋನ ಅಂತ ಒಂದು ಆಸ್ಟೆರಿಸಮ್ ಇದೆ, ಅದರ ಮೂರು ಮೂಲೆ ಮೂರು ಬೇರೆ ಬೇರೆ ಪುಂಜದಲ್ಲಿವೆ. ಶ್ರವಣ ಸುಮಾರು 17 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗೋ ದೂರ ಒಂದು ಜ್ಯೋತಿರ್ವರ್ಷ) ದೂರ, ಅಭಿಜಿತ್ 25, ಆದ್ರೆ ಡೆನೆಬ್ ಸಾವಿರಕ್ಕೂ ಜಾಸ್ತಿ! ನಾವು ನಿಂತಿರೋ ಜಾಗದಿಂದ ನೋಡಿದಾಗ ಮಾತ್ರ ಅದು ತ್ರಿಕೋನ. ಸಪ್ತರ್ಷಿಗಳಲ್ಲೂ ಅಷ್ಟೇ, ಒಂದು ತುದಿಯ ಕ್ರತು ಸುಮಾರು 123 ಜ್ಯೋತಿರ್ವರ್ಷ, ಇನ್ನೊಂದು ತುದಿಯ ಮರೀಚಿ ಸುಮಾರು 104. ಆದ್ರೆ ನಡುವಿನ ಐದೂ ಸುಮಾರು 80ರಲ್ಲಿದ್ದು ಒಂದೇ ದಿಕ್ಕಿಗೆ ಜೊತೆಯಾಗಿ ಸಾಗ್ತಿವೆ, ಇದನ್ನ ಇಂಗ್ಲಿಷ್ ಖಗೋಳಶಾಸ್ತ್ರಜ್ಞ ರಿಚರ್ಡ್ ಪ್ರಾಕ್ಟರ್ 1869ರಲ್ಲೇ ಗುರುತಿಸಿದ್ರು. ಅಂದ್ರೆ ಜೊತೆಗಿದಾವೋ ಇಲ್ವೋ ಅಂತ ದೂರ, ಚಲನೆ ಎರಡನ್ನೂ ಅಳೆದೇ ಹೇಳ್ಬೇಕು, ಆಕಾರ ನೋಡಿ ಅಲ್ಲ. ಕೃತ್ತಿಕೆ ನಿಜವಾದ ತಾರಾಗುಚ್ಛ, ಅಂದ್ರೆ ನಿಜವಾಗ್ಲೂ ಒಟ್ಟಿಗಿರೋ ನಕ್ಷತ್ರಗಳ ಗುಂಪು ಅಂತ ಹೇಳೋದೂ ಹೀಗೆ ಅಳೆದೇ.

ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೀನಿ. 1860ರಲ್ಲಿ ಅಮೆರಿಕದ ಮಿಷನರಿ ಬರ್ಜೆಸ್ ನಮ್ಮ ಹಳೇ ಖಗೋಳ ಗ್ರಂಥ ಸೂರ್ಯಸಿದ್ಧಾಂತವನ್ನ ಇಂಗ್ಲಿಷ್‌ಗೆ ತಂದಾಗ ನಮ್ಮ ಪಂಚಾಂಗದ 'ನಕ್ಷತ್ರ'ಕ್ಕೆ ಬಳಸಿದ ಪದ ಆಸ್ಟೆರಿಸಮ್. ಸರಿಯಾಗೇ ಇದೆ, ಯಾಕಂದ್ರೆ ಚಿತ್ರಾ, ಸ್ವಾತಿ ಥರದವು ಒಂಟಿ ನಕ್ಷತ್ರ ಆದ್ರೂ 27ರಲ್ಲಿ ಹೆಚ್ಚಿನವು ಗುಂಪುಗಳೇ. ಆದ್ರೆ ಪಂಚಾಂಗದಲ್ಲಿ "ಇವತ್ತು ರೋಹಿಣಿ" ಅಂತ ಇದ್ರೆ ಆ ಗುಂಪು ಅಂತಲ್ಲ, ಕ್ರಾಂತಿವೃತ್ತವನ್ನ (ಆಕಾಶದಲ್ಲಿ ಸೂರ್ಯ ಸಾಗೋ ಹಾಗೆ ಕಾಣೋ ದಾರಿ) 27 ಭಾಗ ಮಾಡಿದಾಗ ಬರೋ 13 ಡಿಗ್ರಿ 20 ಮಿನಿಟಿನ ಆ ಒಂದು ಭಾಗದಲ್ಲಿ ಚಂದ್ರ ಇದಾನೆ ಅಂತ ಅರ್ಥ. ಆಕಾರದ ಹೆಸರು ಜಾಗದ ಹೆಸರಾಗೋ ಕೆಲಸ ನಮ್ಮಲ್ಲಿ 1930ಕ್ಕಿಂತ ಎಷ್ಟೋ ಶತಮಾನ ಮುಂಚೆನೇ ಆಗಿತ್ತು.