ಯುದ್ಧವಿಮಾನದ ಪೈಪೋಟಿ ನಡೆಯುವುದು ಕುಲುಮೆಯಲ್ಲಿ

2024ರ ಡಿಸೆಂಬರ್ 26. ಚೀನಾದ ಚೆಂಗ್ಡು ನಗರದ ಮೇಲೆ ಬಾಲವೇ ಇಲ್ಲದ ಒಂದು ವಿಮಾನ ಹಾರಿತು. ಜನ ಮೊಬೈಲ್‌ನಲ್ಲಿ ತೆಗೆದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅಮೆರಿಕ ತನ್ನ ಮುಂದಿನ ಯುದ್ಧವಿಮಾನ ಎಫ್-47ರ ಹೆಸರು ಹೇಳಿತು. ಅದನ್ನು ಕಟ್ಟುವುದು ಬೋಯಿಂಗ್. ಬ್ರಿಟನ್, ಜಪಾನ್, ಇಟಲಿ ಮೂರೂ ಸೇರಿ ಮಾಡುವ ಯುದ್ಧವಿಮಾನಕ್ಕೆ 2035ರ ಗುರಿ ಇಟ್ಟುಕೊಂಡಿವೆ.

ಎಲ್ಲರೂ ಮಾತಾಡಿದ್ದು ಆಕಾರದ ಬಗ್ಗೆ. ನನ್ನ ಕಣ್ಣು ಹೋಗಿದ್ದು ಚೆಂಗ್ಡು ವಿಮಾನದ ಹಿಂಭಾಗಕ್ಕೆ. ಅಲ್ಲಿ ಮೂರು ಎಂಜಿನ್‌ಗಳಿದ್ದವು. ಯುದ್ಧವಿಮಾನಕ್ಕೆ ಸಾಮಾನ್ಯವಾಗಿ ಒಂದಿರುತ್ತದೆ, ಇಲ್ಲವೇ ಎರಡು. ಅಷ್ಟು ದೊಡ್ಡ ಮೈಯನ್ನು ಎಳೆಯುವ ಬಲ ಎರಡರಿಂದ ಸಿಗಲಿಲ್ಲ ಅನ್ನುವುದು ನನ್ನ ಊಹೆ.

ಆಕಾರವನ್ನು ಫೋಟೋ ನೋಡಿಯೂ ಸ್ವಲ್ಪ ಕಲಿಯಬಹುದು. ಎಂಜಿನ್ ಹಾಗಲ್ಲ. ಚೀನಾದ ಜೆ-20 ಮೊದಲು ಹಾರಿದ್ದು 2011ರ ಜನವರಿಯಲ್ಲಿ. ಆಮೇಲೂ ವರ್ಷಗಟ್ಟಲೆ ಅದು ರಷ್ಯಾದ ಎಂಜಿನ್ ನೆಚ್ಚಿಕೊಂಡಿತ್ತು. ರಷ್ಯಾದ್ದೇ ಸು-57 ಹಾರಿದ್ದು 2010ರಲ್ಲಿ, ಅದಕ್ಕೆಂದೇ ಮಾಡಿದ ಹೊಸ ಎಂಜಿನ್ ಆಕಾಶ ಕಂಡಿದ್ದು 2017ರ ಡಿಸೆಂಬರ್‌ನಲ್ಲಿ.

ಯಾಕಿಷ್ಟು ಕಷ್ಟ? ಉತ್ತರ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಲೋಹದ ತುಂಡಿನಲ್ಲಿದೆ. ಅದು ಟರ್ಬೈನ್ ಬ್ಲೇಡು.

ಜೆಟ್ ಎಂಜಿನ್ ಗಾಳಿಯನ್ನು ಎಳೆದು, ಒತ್ತಿ, ಇಂಧನ ಬೆರೆಸಿ ಉರಿಸುತ್ತದೆ. ಆ ಬಿಸಿಗಾಳಿ ಹೊರಗೆ ನುಗ್ಗುವಾಗ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಗಾಳಿ ಬಿಸಿಯಾದಷ್ಟೂ ಬಲ ಜಾಸ್ತಿ. ಇಂದಿನ ಎಂಜಿನ್‌ಗಳಲ್ಲಿ ಈ ಬಿಸಿ 1,600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬ್ಲೇಡಿನ ನಿಕ್ಕಲ್ ಮಿಶ್ರಲೋಹವೋ ಸುಮಾರು 1,350 ಡಿಗ್ರಿಗೇ ಕರಗುತ್ತದೆ! ತನ್ನನ್ನು ಕರಗಿಸಬಲ್ಲ ಗಾಳಿಯಲ್ಲೇ ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು. ಆ ರಭಸಕ್ಕೆ ಒಂದೊಂದು ಬ್ಲೇಡಿನ ಮೇಲೂ ಟನ್‌ಗಟ್ಟಲೆ ಎಳೆತ ಬೀಳುತ್ತದೆ.

ಅದನ್ನು ಉಳಿಸಲು ಒಳಗೆ ಟೊಳ್ಳು ಮಾಡಿ, ಸಣ್ಣ ಕಾಲುವೆಗಳಲ್ಲಿ ಕಡಿಮೆ ಬಿಸಿಯ ಗಾಳಿ ಹರಿಸುತ್ತಾರೆ. ಆ ಗಾಳಿ ಕೂದಲೆಳೆಯಂಥ ತೂತುಗಳಿಂದ ಹೊರಬಂದು ಬ್ಲೇಡಿನ ಮೈಗೆ ತೆಳುವಾಗಿ ಹೊದ್ದುಕೊಳ್ಳುತ್ತದೆ. ಮೇಲೊಂದು ಪಿಂಗಾಣಿಯ ಲೇಪ. ಆದರೂ ಒಂದು ತೊಂದರೆ ಉಳಿಯುತ್ತದೆ. ಲೋಹವೆಂದರೆ ಸಣ್ಣ ಸಣ್ಣ ಹರಳುಗಳ ರಾಶಿ. ಗೋಡೆ ಇಟ್ಟಿಗೆಯ ಸಂದಿನಲ್ಲಿ ಬಿರುಕು ಬಿಡುತ್ತದೆ ಅಲ್ವಾ? ಹಾಗೆಯೇ ಬಿಸಿಯಲ್ಲಿ ಎಳೆದರೆ ಲೋಹ ಸೋಲುವುದೂ ಹರಳುಗಳ ಸಂದಿನಲ್ಲಿ.

ಸಂದೇ ಇಲ್ಲದಿದ್ದರೆ? ಇಡೀ ಬ್ಲೇಡು ಒಂದೇ ಹರಳಾಗಿದ್ದರೆ? 1960ರ ದಶಕದಲ್ಲಿ ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯವರು ಈ ದಾರಿ ಹಿಡಿದರು. ಮೊದಲ ಹೆಜ್ಜೆ ನಮ್ಮ ವಿಗ್ರಹ ಮಾಡುವವರಿಗೆ ಗೊತ್ತಿರುವುದೇ. ಮೇಣದಲ್ಲಿ ರೂಪ ಮಾಡಿ, ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ, ಲೋಹ ಹೊಯ್ಯುವುದು. ಮುಂದಿನದು ತಾಳ್ಮೆಯ ಕೆಲಸ. ಅಚ್ಚನ್ನು ಕುಲುಮೆಯಿಂದ ನಿಧಾನವಾಗಿ ಕೆಳಗಿಳಿಸುತ್ತಾರೆ. ಲೋಹ ತಳದಿಂದ ಗಟ್ಟಿಯಾಗುತ್ತಾ ಬರುತ್ತದೆ. ತಳದಲ್ಲಿ ಹಂದಿಬಾಲದಂತೆ ಸುತ್ತಿಕೊಂಡ ಕಿರಿದಾದ ದಾರಿ. ಹಲವು ಹರಳುಗಳು ಅದರೊಳಗೆ ಹೊರಡುತ್ತವೆ, ದಾಟಿ ಬರುವುದು ಒಂದೇ. ಆ ಒಂದೇ ಹರಳು ಕಲ್ಲುಸಕ್ಕರೆಯಂತೆ ಬೆಳೆದು ಬ್ಲೇಡಾಗುತ್ತದೆ. ಮಿಶ್ರಣ, ಶಾಖ, ಇಳಿಸುವ ವೇಗ ಯಾವುದರಲ್ಲಿ ತಪ್ಪಿದರೂ ಮತ್ತೊಂದು ಹರಳು ಹುಟ್ಟಿ ಬ್ಲೇಡು ಹಾಳು. ಈ ಹದ ಸೋತು ಸೋತು ಕೈಗೆ ಬರಬೇಕು. ಅದಕ್ಕೇ ಇದು ಗೊತ್ತಿರುವ ದೇಶಗಳು ಬಾಯಿ ಬಿಡುವುದಿಲ್ಲ.

ಇದರ ನೋವು ಬೆಂಗಳೂರಿಗೆ ಹಳೆಯದು. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಎಫ್-24 ಮಾರುತ್ ನಿಂತಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡು 1961ರ ಜೂನ್ 17ರಂದು ಬೆಂಗಳೂರಿನಲ್ಲೇ ಹಾರಿದ ವಿಮಾನ. ಮೈಕಟ್ಟು ಶಬ್ದದ ವೇಗ ಮೀರಲೆಂದೇ ಮಾಡಿದ್ದು. ತಕ್ಕ ಎಂಜಿನ್ ಕೊನೆವರೆಗೂ ಸಿಗಲಿಲ್ಲ. ನಮ್ಮ ತೇಜಸ್ ಯುದ್ಧವಿಮಾನಕ್ಕೆಂದು 1989ರಲ್ಲಿ ಒಪ್ಪಿಗೆ ಪಡೆದ ಕಾವೇರಿ ಎಂಜಿನ್ ಕೂಡ ಇಲ್ಲಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಯದು. 81 ಕಿಲೋನ್ಯೂಟನ್ ಬಲ ಬೇಕಿತ್ತು, ಅದು ಬರಲಿಲ್ಲ. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರೆ ಮಾಡಿದರು. ತೇಜಸ್ ಹಾರುತ್ತಿರುವುದು ಅಮೆರಿಕದ ಜಿಇ ಎಂಜಿನ್‌ನಲ್ಲಿ. ಕಾವೇರಿಗಾಗಿ ದುಡಿದವರನ್ನು ಸುಮ್ನೆ ದೂರುವುದು ನನಗೆ ಸರಿ ಕಾಣುವುದಿಲ್ಲ. ಬೇರೆಯವರು ದಶಕಗಳಿಂದ ಕಲಿತದ್ದನ್ನು ಅವರು ಮೊದಲಿನಿಂದ ಶುರು ಮಾಡಿದ್ದರು.

2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ ಒಂದೇ ಹರಳಿನ 60 ಬ್ಲೇಡುಗಳನ್ನು ಮಾಡಿ ಎಚ್‌ಎಎಲ್‌ಗೆ ಕೊಟ್ಟಿತು. ಅವು ಹೆಲಿಕಾಪ್ಟರ್ ಎಂಜಿನ್‌ಗೆ. ನಮ್ಮ ಮುಂದಿನ ಯುದ್ಧವಿಮಾನ ಎಎಂಸಿಎ ಮೊದಲು ಹಾರಲಿರುವುದೂ ಜಿಇಯ ಎಫ್-414 ಎಂಜಿನ್‌ನಲ್ಲೇ. ಅದಕ್ಕಿಂತ ಬಲವಾದ ಎಂಜಿನ್ನನ್ನು ಫ್ರಾನ್ಸಿನ ಸಫ್ರಾನ್ ಕಂಪನಿಯ ಜೊತೆ ಇಲ್ಲೇ ಮಾಡುವುದಾಗಿ 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಹೇಳಿದರು. ಆ ಎಂಜಿನ್ ಬಗ್ಗೆ ಸುದ್ದಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಒಂದನ್ನೇ. ಬ್ಲೇಡಿನ ಎರಕ ಎಲ್ಲಿ ನಡೆಯುತ್ತದೆ, ಆ ಕುಲುಮೆಯ ಮುಂದೆ ನಿಲ್ಲುವವರು ಯಾರು?